ಪ್ರಿಂಟರಿಗೆ ಹಚ್ಚಿದ ವಿಭೂತಿ

ಹನುಮಂತನಗರ
17 ನವೆಂಬರ್ 2025, ಸೋಮವಾರ

ಸಾನ್ವಿಯ ಅಪ್ಪನಿಗೆ,

ನಮಸ್ಕಾರ. ಮಗಳು ಚೆನ್ನಾಗಿದ್ದಾಳೆ. ನಾನೂ ಬದುಕಿದ್ದೇನೆ. ನೀವು ಎರಡನ್ನೂ ಕೇಳಲಿಲ್ಲ, ಆದರೂ ತಿಳಿಸಿದ್ದೇನೆ.

ಮೊನ್ನೆ ನಿಮ್ಮ ಫೋನ್ ಬಂದಾಗ ನಾನೇನೂ ಕಾಯುತ್ತಾ ಕೂತಿರಲಿಲ್ಲ. ಕೈ ಖಾಲಿ ಇತ್ತು, ಎತ್ತಿದೆ. ದಸರಾ ಮುಗಿಯುತ್ತಲೇ ನಾನು ತವರಿಗೆ ಬಂದ ಮೇಲೆ ನೀವು ಮಾಡಿದ ಮೊದಲ ಫೋನು ಅದು. "ಮನೆಗೆ ಹೊಸ ವೈಫೈ ಹಾಕ್ಸಿದೀನಿ ಕಣೇ, ನಿನ್ ಪ್ರಿಂಟರ್ ಕನೆಕ್ಟೇ ಆಗ್ತಿಲ್ಲ. ಅಂಗಡಿ ಬಿಲ್ಲೆಲ್ಲಾ ನಿಂತ್ಹೋಗಿದೆ, ಹೆಂಗ್ ಮಾಡೋದು ಹೇಳು" ಎಂದಿರಿ. ಆಮೇಲೆ ಹೇಳುತ್ತೇನೆ ಎಂದು ಇಟ್ಟುಬಿಟ್ಟೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀವು ಸ್ಪೀಕರ್ ಹಾಕಿರುತ್ತೀರಿ, ಅತ್ತೆ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿರುತ್ತಾರೆ. ಅದಕ್ಕೇ ಈ ಕಾಗದ.

ಮೊದಲು ನಿಮ್ಮ ಕೆಲಸ ಮುಗಿಸುತ್ತೇನೆ. ಪ್ರಿಂಟರಿನ ಪುಟ್ಟ ಪರದೆಯಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ನೆಟ್‌ವರ್ಕ್ ಒತ್ತಿ. ಹೊಸ ವೈಫೈ ಎರಡು ಹೆಸರಿನಲ್ಲಿ ಬರುತ್ತಿದ್ದರೆ 5ಜಿ ಎಂದಿರುವುದು ನಮ್ಮ ಪ್ರಿಂಟರಿಗೆ ಕಾಣಿಸುವುದಿಲ್ಲ, ಇನ್ನೊಂದನ್ನು ಆರಿಸಿ. ಪಾಸ್‌ವರ್ಡನ್ನು ಬಾಣದ ಗುಂಡಿ ಒತ್ತಿ ಒತ್ತಿ ಒಂದೊಂದೇ ಅಕ್ಷರ ಹಾಕಬೇಕು. ತಾಳ್ಮೆ ಬೇಕು ರೀ, ಅರ್ಧಕ್ಕೆ ಬಿಟ್ಟು ಸಿಗರೇಟು ಸೇದಲು ಹೋದರೆ ಮತ್ತೆ ಮೊದಲಿಂದ. ಆಮೇಲೆ ನಿಮ್ಮ ಫೋನಿನಲ್ಲಿ ಹಳೆಯ ಪ್ರಿಂಟರನ್ನು ಅಳಿಸಿ ಹೊಸದಾಗಿ ಸೇರಿಸಿಕೊಳ್ಳಿ. ಅದರ ಹೆಸರು 'ಯಶಶ್ರೀ' ಎಂದೇ ತೋರಿಸುತ್ತದೆ. ಕಣ್ಣಿಗೆ ಚುಚ್ಚಿದರೆ ಬದಲಾಯಿಸಿ, ಅದೂ ಸೆಟ್ಟಿಂಗ್ಸ್‌ನಲ್ಲೇ ಇದೆ.

ಅದು ನಾನು ಟ್ಯೂಷನ್ ಹೇಳಿದ ದುಡ್ಡಲ್ಲಿ ಕೊಂಡ ಪ್ರಿಂಟರು. ನಮ್ಮ ಮತ್ತಿಕೆರೆಯ ಪಿಜಿ ಹುಡುಗಿಯರು ಪ್ರಿಂಟ್ ಹಾಕಬೇಕಾದ ಫೈಲುಗಳನ್ನು ನನ್ನ ಫೋನಿಗೆ ಕಳಿಸುತ್ತಿದ್ದರು. ನಾನು ಒಲೆ ಮುಂದೆ ರೊಟ್ಟಿ ತಟ್ಟುತ್ತಲೇ ಫೋನು ಒತ್ತಿದರೆ ಸಾಕು, ನಡುಮನೆಯಲ್ಲಿ ಗುರ್ ಎಂದು ಕಾಗದ ಬೀಳುತ್ತಿತ್ತು. ಆ ಸದ್ದು ಕೇಳಿದರೆ ಎಷ್ಟು ಖುಷಿಯಾಗುತ್ತಿತ್ತು ಗೊತ್ತಾ? ನಿಮಗೆ ಗೊತ್ತಿಲ್ಲ. ಬರುವಾಗ ಅದನ್ನು ಯಾಕೆ ತರಲಿಲ್ಲ ಎಂದು ಅಮ್ಮ ಈಗಲೂ ಬೈಯುತ್ತಾರೆ. ಆಟೋದಲ್ಲಿ ಜಾಗ ಇರಲಿಲ್ಲ ಎಂದಿದ್ದೇನೆ.

ಆಯುಧಪೂಜೆಯ ದಿನ ನೀವು ನಮ್ಮ ಗ್ರಂಧಿಗೆ ಅಂಗಡಿಯಲ್ಲಿ ಪೂಜೆ ಸಾಮಾನು ತೂಗುವ ತಕ್ಕಡಿ, ಗಲ್ಲಾಪೆಟ್ಟಿಗೆ, ಸ್ಕೂಟರು ಎಲ್ಲಕ್ಕೂ ವಿಭೂತಿ ಹಚ್ಚಿ ಮನೆಗೆ ಬಂದಿರಿ. ಪ್ರಿಂಟರಿನ ಮುಚ್ಚಳ ತೆಗೆದು, ಟೋನರ್ ಡಬ್ಬಿ ಈಚೆ ಎಳೆದು, ಒಳಗೆ ಕೈ ಹಾಕಿ ಮೂರು ಬೆರಳಲ್ಲಿ ಬಳಿದಿರಿ. "ಮೇಲ್ಗಡೆ ಹಚ್ಚಿದ್ರೆ ಏನ್ ಬಂತು, ಕೆಲ್ಸ ಮಾಡೋದು ಒಳಗಡೆ ತಾನೇ" ಎಂದು ನಕ್ಕಿರಿ. ವಿಭೂತಿ ಹಣೆಗೆ ಇಟ್ಟುಕೊಳ್ಳುವುದು ರೀ, ಮಿಷನ್ ಹೊಟ್ಟೆಗಲ್ಲ ಎಂದೆ. ಅಷ್ಟೇ ನಾನು ಅಂದದ್ದು.

ವಿಜಯದಶಮಿ ಕಳೆದ ಮಾರನೆಯ ದಿನ ಒಬ್ಬ ಹುಡುಗಿಯ ಥೀಸಿಸ್ ಹಾಕಿದರೆ ಪುಟಪುಟಕ್ಕೂ ಅಕ್ಷರಗಳ ನಡುವೆ ಬಿಳಿ ಗೆರೆ. ಅವಳು ಅಂದೇ ಕೊಡಬೇಕಿತ್ತು. ಬಾಗಿಲಲ್ಲೇ ನಿಂತು ಅತ್ತಳು, ನನ್ನನ್ನು ಬಾಯಿಗೆ ಬಂದಂತೆ ಬೈದಳು. ನಾನು ನಿಮ್ಮನ್ನು ಕೇಳಿದೆ. ಮಿಷನ್ ಕೆಡಿಸಿದೆನೆಂದು ಒಪ್ಪಿಕೊಳ್ಳಲು ನಿಮಗೆ ನಾಚಿಕೆಯಾಯಿತು, ಅತ್ತೆಯ ಮುಂದೆ ಹೋಗಿ "ವಿಭೂತೀನ ಕಸ ಅಂದ್ಲಮ್ಮಾ" ಎಂದುಬಿಟ್ಟಿರಿ.

ಅಯ್ಯೋ ಶಿವನೇ, ಅತ್ತೆ ಏನು ಕೂಗಾಡಿದರು! "ಗಲ್ಲ ಬಡ್ಕೊಂಡು ದೇವ್ರಿಗೆ ತಪ್ಪಾಯ್ತು ಅನ್ನು, ಇಲ್ದಿದ್ರೆ ನನ್ ದೇವರ ಜಗಲಿ ಮುಟ್ಬೇಡ" ಎಂದರು. ನಾನು ನಿಮ್ಮ ಮುಖ ನೋಡಿದೆ. ನೀವು ಪ್ರಿಂಟರಿನ ವೈರು ಸುತ್ತುತ್ತಾ, ಬಾಯಿಗೆ ಕಡುಬು ತುರುಕಿದ ಹಾಗೆ ಕೂತಿದ್ದಿರಿ.

ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ. ಹೆತ್ತ ಮಗ ಹೇಳಿದ್ದನ್ನು ನಂಬಿದರು. ನನ್ನ ಹೊಟ್ಟೆ ಉರಿಯುವುದು ನಿಮ್ಮನ್ನು ನೆನೆಸಿಕೊಂಡರೆ. ನಾನೂ ಹುಟ್ಟಿದಾಗಿನಿಂದ ಲಿಂಗ ಕಟ್ಟಿಕೊಂಡವಳು, ದಿನಾ ಬೆಳಿಗ್ಗೆ ಅದೇ ವಿಭೂತಿ ಹಚ್ಚಿಕೊಳ್ಳುವವಳು. "ನಾನೇ ಹಚ್ಚಿದ್ದು, ಅವಳು ಹಂಗಂದಿಲ್ಲ" ಎಂದು ನೀವು ಅತ್ತೆಗೆ ಹೇಳಿದ ದಿನವೇ ಮನೆಗೆ ಬರುತ್ತೇನೆ ಎಂದು ಹೊರಡುವಾಗ ಹೇಳಿದ್ದೆ. ನೀವು ತಲೆ ಆಡಿಸಿದಿರಿ. ಇವತ್ತಿಗೂ ಹೇಳಿಲ್ಲ. ಹೇಳಿದ್ದರೆ ಮೊನ್ನೆ ಅದನ್ನೇ ಮೊದಲು ತಿಳಿಸುತ್ತಿದ್ದಿರಿ.

ಬಿಲ್ಲಿನಲ್ಲಿ ಇನ್ನೂ ಬಿಳಿ ಗೆರೆ ಬರುತ್ತಿದ್ದರೆ ಟೋನರ್ ಈಚೆ ತೆಗೆದು ಒಳಗಿನ ಉದ್ದನೆಯ ಗಾಜನ್ನು ಒಣ ಬಟ್ಟೆಯಲ್ಲಿ ಮೆತ್ತಗೆ ಒರೆಸಿ. ನೀರು ಸೋಕಿಸಬೇಡಿ. ನಿಮ್ಮ ಬೆರಳಿನ ಗುರುತು ಅಲ್ಲೇ ಇರಬಹುದು. ಒರೆಸುವ ಮೊದಲು ಅತ್ತೆಯನ್ನು ಕರೆದು ತೋರಿಸುವಷ್ಟು ಧೈರ್ಯ ಬಂದರೆ ತೋರಿಸಿ.

ಪ್ರಿಂಟರು ಹೊತ್ತುಕೊಂಡು ಇಲ್ಲಿಗೆ ಬರಬೇಡಿ. ನಾನೂ ಬರುವುದಿಲ್ಲ.

ಇತಿ,
ಯಶಶ್ರೀ

ವಿ.ಸೂ.: ಫೋನಿನಲ್ಲಿ ನಿಮ್ಮ ಹೆಸರು ಕಂಡ ಕೂಡಲೇ, ಎತ್ತುವ ಮೊದಲೇ, "ಅಮ್ಮಾ, ನನ್ನ ಕರ್ಕೊಂಡ್ ಹೋಗೋಕೆ ಬರ್ತಾರೆ" ಎಂದು ಕೂಗಿಬಿಟ್ಟಿದ್ದೆ. ಅಮ್ಮ ಅದೇ ಸಂಜೆ ಗಾಂಧಿಬಜಾರಿಗೆ ಹೋಗಿ ಕುಪ್ಪಸದ ಬಟ್ಟೆ, ಕೊಬ್ಬರಿ, ಬೆಲ್ಲ ತಂದರು. ನನ್ನ ಮಡಿಲು ತುಂಬಿ ಕಳಿಸಬೇಕೆಂದು ಅಕ್ಕಿಯನ್ನೂ ಆರಿಸಿಟ್ಟರು. ನೀವು ಕೇಳಿದ್ದು ಪ್ರಿಂಟರಿನ ವಿಷಯ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಇವತ್ತು ಬೆಳಿಗ್ಗೆ ಆ ಮಡಿಲಕ್ಕಿಯನ್ನೇ ತೊಳೆದು ಕುಕ್ಕರಿಗೆ ಇಟ್ಟೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿದರು. ಸಾನ್ವಿಯ ಊಟದ ಡಬ್ಬಿಗೆ ಅದೇ ಅನ್ನ ಹಾಕಿ ಕಳಿಸಿದ್ದೇನೆ.