ಸಂಜೆಬುತ್ತಿಯಲ್ಲಿ ಇಲ್ಲದ ಆಯಿ

ಹುಬ್ಬಳ್ಳಿ
ನಡುಬಿಸಿಲು ತಿಂಗಳ ನಲವತ್ತೇಳನೆಯ ದಿನ, ೨೨೧೪

ನಮ್ಮ ಮನೆತನದ ಹಿರಿಯ ತಾಯಿಗೆ ಶರಣು.

ಮೇಲಿನ ತಾರೀಖು ನೋಡಿ, ಬರೆದವಳ ತಲೆ ನೆಟ್ಟಗಿದೆಯೇ ಎಂದು ನೀವು ಕೇಳಿಕೊಂಡರೆ ತಪ್ಪಿಲ್ಲ. ನಿಮ್ಮ ಏಪ್ರಿಲ್ ಮತ್ತು ಮೇ ತಿಂಗಳನ್ನು ಕೂಡಿಸಿ ನಾವು ನಡುಬಿಸಿಲು ಎಂಬ ಅರವತ್ತೊಂದು ದಿನಗಳ ಒಂದೇ ತಿಂಗಳು ಮಾಡಿಕೊಂಡಿದ್ದೇವೆ. ಈ ಪತ್ರದಲ್ಲಿ ಇಂಥ ವಿಚಿತ್ರ ಮಾತುಗಳು ಇನ್ನೂ ಬರುತ್ತವೆ, ಕ್ಷಮಿಸಿ. ನಿಮ್ಮ ಹೆಸರು ನನಗೆ ತಿಳಿಯದು. ನಿಮಗೂ ಒಂದು ಸಣ್ಣ ಮಗುವಿತ್ತು, ಆ ಮಗುವಿನಿಂದ ಇಳಿದು ಬಂದವಳು ನಾನು, ಇಷ್ಟೇ ಗೊತ್ತು. ನನ್ನ ಹೆಸರು ಶಿವಗಂಗಾ. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಹಿಂದಂಚೆಯಲ್ಲಿ ಇದನ್ನು ಹಾಕುತ್ತಿದ್ದೇನೆ. ಅಲ್ಲಿಯವರು ಒಡೆದು ಓದಿಯೇ ಕಳಿಸುತ್ತಾರೆ ಎಂಬ ಗುಮಾನಿ ನನಗಿದೆ. ಓದಲಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಹುಟ್ಟಾ ಸಂಶಯದವಳು. ಹಾಲು ಬಂದರೆ ಇವತ್ತಿಗೂ ಬೆರಳದ್ದಿ ನೋಡುತ್ತೇನೆ. ಅಂಥವಳ ಕಣ್ಣೆದುರಿಗೇ ಇದೆಲ್ಲ ನಡೆಯಿತು ಎಂಬುದೇ ನನ್ನ ಸಂಕಟ.

ನನಗೆ ನಾಲ್ಕೂವರೆ ವರ್ಷದ ಮಗಳಿದ್ದಾಳೆ, ಇಬ್ಬನಿ. ಇಲ್ಲಿ ಮಕ್ಕಳನ್ನು ಹೊರಗೆ ಕರೆದೊಯ್ಯುವುದು ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ. ಮನೆಯಿಂದ ಉಣಕಲ್ ಕೆರೆಯ ತನಕ ನೆರಳುದಾರಿ ಇದೆ, ಅಂದರೆ ಮೇಲೆ ಬಟ್ಟೆ ಕಟ್ಟಿದ ಓಣಿ. ಹೊರಡುವುದೆಂದರೆ ದೊಡ್ಡ ರಾಮಾಯಣ. ಎಡಗಾಲಿನ ಚಪ್ಪಲಿ ಬಲಗಾಲಿಗೇ ಬೇಕು, ನೀರಿನ ಬಾಟಲಿ ತಾನೇ ಹಿಡಿಯಬೇಕು, ಹತ್ತು ಹೆಜ್ಜೆ ನಡೆದ ಮೇಲೆ ಅದು ನನ್ನ ಕೈಗೆ, ಇನ್ನು ಹತ್ತು ಹೆಜ್ಜೆಗೆ ಅವಳೇ ನನ್ನ ಸೊಂಟಕ್ಕೆ. ಆ ದಾರಿಯಲ್ಲಿ ಓಡಾಡುವ ಬಂಡಿ ಬಂದು ನಿಂತ ಗಳಿಗೆಗೇ ಅವಳಿಗೆ ಒಂದಕ್ಕೆ ಬರುತ್ತದೆ. ಕೆರೆಯ ದಂಡೆಯಲ್ಲಿ ಮಂಡಕ್ಕಿಯ ಗಿರ್ಮಿಟ್ ಕೊಡಿಸಿದರೆ ಈರುಳ್ಳಿಯನ್ನೆಲ್ಲ ಒಂದೊಂದಾಗಿ ಆರಿಸಿ ನನ್ನ ಅಂಗೈಗೆ ಇಡುತ್ತಾಳೆ. ಇವೆಲ್ಲ ನಿಮ್ಮ ಕಾಲದಲ್ಲೂ ಇದ್ದವೆಂದು ನನ್ನ ನಂಬಿಕೆ.

ಇಲ್ಲದಿದ್ದದ್ದು ಜೊತೆಗಣ್ಣು. ಅದು ಗುಂಡಿಯಷ್ಟು ಸಣ್ಣ ಯಂತ್ರ. ಮಗು ಹುಟ್ಟಿದ ಹನ್ನೆರಡನೆಯ ದಿನ ಬಾಲನೆನಪು ಕಚೇರಿಯವರು ಬಂದು ಅಂಗಿಯ ಕೊರಳಿಗೆ ಹಚ್ಚಿ ಹೋಗುತ್ತಾರೆ. ಮಗು ಕಂಡದ್ದನ್ನೆಲ್ಲ ಅದು ಕಾಣುತ್ತದೆ. ದೀಪ ಹಚ್ಚುವ ಮೊದಲು ಅಂದಿನ ತಿರುಗಾಟವನ್ನು ಗೋಡೆಯ ಮೇಲೆ ಮಗುವಿಗೆ ತೋರಿಸುತ್ತದೆ. ಇದಕ್ಕೆ ಸಂಜೆಬುತ್ತಿ ಎನ್ನುತ್ತೇವೆ. ಬುತ್ತಿ ನೋಡದೆ ಯಾವ ಮಗುವೂ ಊಟಕ್ಕೆ ಕೂಡುವುದಿಲ್ಲ. ದಿನವೂ ನೋಡಿ ನೋಡಿ, ತಾವು ಕಂಡದ್ದಕ್ಕಿಂತ ಬುತ್ತಿ ತೋರಿಸಿದ್ದನ್ನೇ ಮಕ್ಕಳು ನಂಬುತ್ತಾರೆ.

ಎರಡು ವರ್ಷದ ಹಿಂದೆ ಇಬ್ಬನಿ ಜಾರುಬಂಡೆಯಿಂದ ಬಿದ್ದು ಮೊಣಕಾಲು ತರಚಿಕೊಂಡಳು. ಓಣಿಗೆಲ್ಲ ಕೇಳುವಂತೆ ಅತ್ತಳು. ಹಿಂದೆ ನಿಧಾನವಾಗಿ ನಡೆದು ಬರುತ್ತಿದ್ದ ನನ್ನ ಅತ್ತೆ ಗುರುಬಸವ್ವ, ಇಬ್ಬನಿಯ ಆಯಿ ಅಂದರೆ ಅಜ್ಜಿ, ಅದೆಲ್ಲಿಂದ ಶಕ್ತಿ ತಂದುಕೊಂಡರೋ, ನನಗಿಂತ ಮೊದಲು ಓಡಿ ಬಂದು ಎತ್ತಿಕೊಂಡರು. "ಯಾಕ ಅಳ್ತೀ ನನ ಕಂದಾ, ಆ ನೆಲಕ್ಕ ಎರಡು ಹಾಕೂಣು ಬಾ" ಎಂದು ನೆಲಕ್ಕೆ ಹೊಡೆದು, ಸೆರಗಿನಿಂದ ಮೂಗು ಒರೆಸಿದರು. ಅಂದಿನ ಬುತ್ತಿಯಲ್ಲಿ ಜಾರುಬಂಡೆ ಇತ್ತು, ಗಿರ್ಮಿಟ್ ಇತ್ತು, ನಡುವಿನದು ಇರಲಿಲ್ಲ. ವಾರ ಕಳೆದ ಮೇಲೆ ಮಗಳು ತನ್ನ ಮೊಣಕಾಲಿನ ಹಕ್ಕಳೆ ನೋಡಿ, "ಅವ್ವಾ, ಇದು ಹೆಂಗಾತು?" ಎಂದು ಕೇಳಿದಳು. ಬಿದ್ದದ್ದನ್ನು ಹೇಳಿದೆ. "ನಾ ಬಿದ್ದೇ ಇಲ್ಲ" ಎಂದಳು.

ಆಗಲೇ ನನ್ನ ತಲೆಗೆ ಸಂಶಯದ ಹುಳ ಹೊಕ್ಕಿತು. ಕಚೇರಿಯವರೇ ಕತ್ತರಿ ಆಡಿಸುತ್ತಾರೆ ಅಂದುಕೊಂಡೆ. ಆಮೇಲೆ ನನ್ನ ಗಂಡ ಪ್ರಭುಲಿಂಗನ ಮೇಲೆ ಸಂಶಯ ಬಂತು. ದಿನಾ ಬುತ್ತಿ ಹಚ್ಚುವವನು ಅವನೇ, ಮಗಳು ಅತ್ತರೆ ತಡೆದುಕೊಳ್ಳಲಾರದವನೂ ಅವನೇ. ಬಾಯಿಬಿಟ್ಟು ಕೇಳಲಿಲ್ಲ. ಅವನು ಗೋಡೆಯ ಕಡೆ ಹೋದಾಗೆಲ್ಲ ಅವನ ಕೈಯನ್ನೇ ನೋಡುತ್ತ ಕೂತೆ. ಮಗಳು ಬುತ್ತಿ ನೋಡಿ ನಗುತ್ತಿದ್ದಳು, ಅದಕ್ಕೇ ದೂರು ಕೊಡಲು ನನಗೂ ಮನಸ್ಸಾಗಲಿಲ್ಲ. ನಿಜ ಹೇಳಬೇಕಲ್ಲ.

ಕಳೆದ ಶ್ರಾವಣದಲ್ಲಿ ಅತ್ತೆ ತೀರಿಕೊಂಡರು. ಮೊನ್ನೆ ಅವರ ಪಟಕ್ಕೆ ಹೂ ಏರಿಸುವಾಗ ಇಬ್ಬನಿ ಕೇಳಿದಳು: "ಈ ಆಯಿ ಯಾರು?"

ಪ್ರಭುಲಿಂಗ ಪಟವನ್ನು ಬಿಟ್ಟು ನನ್ನನ್ನು ನೋಡಿದ. ಅತ್ತೆಗೂ ನನಗೂ ಅಷ್ಟಕ್ಕಷ್ಟೇ ಇತ್ತು, ಅದು ಓಣಿಗೆಲ್ಲ ಗೊತ್ತು. "ಖರೇ ಹೇಳು, ನಮ್ಮವ್ವನ್ನ ಬುತ್ತ್ಯಾಗಿಂದ ನೀನ ತಗಿಸೀಯೇನು?" ಎಂದ. ನನ್ನ ಮೈ ಉರಿದುಹೋಯಿತು. ಮರುದಿನ ಬೆಳಿಗ್ಗೆ ಎಂಟಾಗುವ ಮೊದಲೇ ಇಬ್ಬರೂ ಕಚೇರಿಯ ಬಾಗಿಲಲ್ಲಿ ನಿಂತಿದ್ದೆವು.

ಅಲ್ಲಿದ್ದ ಹುಡುಗಿ ಬಹಳ ಮರ್ಯಾದೆಯವಳು. ಜೊತೆಗಣ್ಣು ಹಚ್ಚಿದ ದಿನದ ಧ್ವನಿ ತೆಗೆದು ಕೇಳಿಸಿದಳು. ಮಗುವಿನ ಬುತ್ತಿಯಲ್ಲಿ ಯಾವುದು ಬೇಡ ಎಂದು ಯಂತ್ರ ಕೇಳುತ್ತದೆ. ಹನ್ನೆರಡು ದಿನ ನಿದ್ದೆಯಿಲ್ಲದ ಹೆಂಗಸೊಬ್ಬಳು ಉತ್ತರ ಕೊಡುತ್ತಾಳೆ: "ಅಳೂದೊಂದು ಬ್ಯಾಡವಾ, ಸಾಕಾಗೇತಿ ನನಗ."

"ಅಕ್ಕಾರ, ಇದು ನಿಮ್ಮ ಧ್ವನೀನ ಹೌದಲ್ರೀ?" ಎಂದಳು ಹುಡುಗಿ.

ಹೌದು. ಯಂತ್ರ ಹೇಳಿದ ಮಾತು ಕೇಳಿತು, ಅಷ್ಟೇ. ಮಗಳು ನಗುವಾಗೆಲ್ಲ ಅತ್ತೆ ನೂರು ಹೆಜ್ಜೆ ಹಿಂದಿರುತ್ತಿದ್ದರು, ಇಲ್ಲವೇ ಒಲೆಯ ಮುಂದೆ. ಅತ್ತಾಗ ಮಾತ್ರ ಓಡಿ ಬರುತ್ತಿದ್ದರು. ಅಳುವನ್ನು ತೆಗೆದಾಗ ಅದರ ಜೊತೆಗೇ ಅವರೂ ಬುತ್ತಿಯಿಂದ ಹೋದರು. ಕತ್ತರಿಸಿದ ತುಣುಕುಗಳನ್ನು ಇಟ್ಟುಕೊಳ್ಳುವ ಪದ್ಧತಿ ಇಲ್ಲವಂತೆ. ಹಿಂತಿರುಗುವಾಗ ಗಂಡ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ದಿನವೂ ಇಬ್ಬನಿಗೆ ಆಯಿಯ ಕಥೆ ಹೇಳುತ್ತೇನೆ. ಅವಳು ತಲೆ ಓರೆ ಮಾಡಿ, ನಾನು ಹಾಲನ್ನು ನೋಡುವ ಹಾಗೆಯೇ ನನ್ನನ್ನು ನೋಡುತ್ತಾಳೆ. "ಹಂಗಾರ ಬುತ್ತ್ಯಾಗ ತೋರಸು" ಎನ್ನುತ್ತಾಳೆ. ನಿನ್ನೆ ಪಕ್ಕದ ಮನೆಯ ಮಗುವಿಗೆ ಹೇಳುತ್ತಿದ್ದಳು: "ನಮ್ಮವ್ವ ಒಂದು ಸುಳ್ಳ ಆಯಿ ಮಾಡ್ಯಾಳ."

ತಾಯೀ, ನಿಮ್ಮ ಕೈಯಲ್ಲೂ ಫೋನು ಇದೆಯಂತೆ, ಮಕ್ಕಳು ನಕ್ಕ ಚಿತ್ರಗಳನ್ನಷ್ಟೇ ಉಳಿಸಿ ಮಿಕ್ಕದ್ದನ್ನು ಅಳಿಸುತ್ತೀರಂತೆ. ನಿಮ್ಮ ಮೇಲೂ ನನಗೆ ಸಂಶಯವಿದೆ. ಮಗು ಬಿದ್ದು ಅತ್ತಾಗ ಯಾರು ಎತ್ತಿಕೊಂಡರು ಎಂಬುದನ್ನು ಎಲ್ಲಿಯಾದರೂ ಬರೆದಿಡಿ. ಇನ್ನೊಂದು ಬೇಡಿಕೆ ಇದೆ, ಅದಕ್ಕಾಗಿಯೇ ಈ ಪತ್ರ. ನನ್ನ ಮಗಳು ನಂಬುತ್ತಿಲ್ಲ. ಹುಬ್ಬಳ್ಳಿಯಲ್ಲಿ ಗುರುಬಸವ್ವ ಎಂಬ ಒಬ್ಬ ಆಯಿ ಇದ್ದರು. ನೀವಾದರೂ ನಂಬಿ.

ನಿಮ್ಮ ಮನೆತನದ,
ಶಿವಗಂಗಾ