ಡಬ್ಬಿ ಇಟ್ಟರೂ ತಪ್ಪು, ತೆಗೆದರೂ ತಪ್ಪು

ವಿದ್ಯುತ್ ಸರಬರಾಜು ಕಚೇರಿಯ ಮಾನ್ಯ ಉಪವಿಭಾಗಾಧಿಕಾರಿಗಳೇ,

ನಿಮ್ಮ ಮುಖ ನಾನು ಕಂಡಿಲ್ಲ. ಸಹಿ ಮಾತ್ರ ಚೆನ್ನಾಗಿ ಗೊತ್ತು. ನಮ್ಮ ಬೀದಿಯ ಕರೆಂಟಿನ ಬಗ್ಗೆ ನಾನು ಕೊಟ್ಟ ಆರು ದೂರುಗಳ ಮೇಲೂ ‘ಮುಕ್ತಾಯಗೊಳಿಸಲಾಗಿದೆ’ ಎಂದು ಬರೆದು ಅದರ ಕೆಳಗೆ ಎಳೆದ ಸಹಿ. ಆರು ಸಲ ನೀವು ಮುಗಿಸಿದಿರಿ, ತೊಂದರೆ ಒಂದು ಸಲವೂ ಮುಗಿಯಲಿಲ್ಲ. ಅರ್ಜಿ ಬರೆದು ಸಾಕಾಗಿದೆ. ಇನ್ನು ನಾಲ್ಕು ಜನ ಓದಲಿ ಎಂದು ಈ ಏಳನೆಯದನ್ನು ಪತ್ರಿಕೆಗೇ ಕಳುಹಿಸುತ್ತಿದ್ದೇನೆ.

ದೂರು ಇಷ್ಟೇ. ನಮ್ಮ ಮನೆಗೆ ಬರುವ ಕರೆಂಟು ಒಂದೇ ಹದದಲ್ಲಿ ನಿಲ್ಲುವುದಿಲ್ಲ. ಈಗ ನೂರ ಎಪ್ಪತ್ತು ವೋಲ್ಟ್ ಇದ್ದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಇನ್ನೂರ ಎಪ್ಪತ್ತು. ಅದಕ್ಕೆ ಹೊತ್ತುಗೊತ್ತು ಎಂಬುದಿಲ್ಲ. ಬಲ್ಬುಗಳು ಕಣ್ಣು ಮಿಟುಕಿಸಿ ಸುಮ್ಮನಾಗುತ್ತವೆ, ಫ್ರಿಜ್ಜು ಗೊಣಗಿಕೊಂಡು ಕೆಲಸ ಮಾಡುತ್ತದೆ. ತಾಳಲಾರದ್ದು ನಮ್ಮ ಹಜಾರದ ಆಂಪ್ಲಿಫೈಯರ್ ಒಂದೇ. ಹಾಡು ಕೇಳುವ ಪೆಟ್ಟಿಗೆಗೆ ಇಷ್ಟು ರಂಪವೇ ಎಂದು ನಿಮ್ಮ ಕೌಂಟರಿನ ಗುಮಾಸ್ತರು ಕೇಳಿದರು. ಹೌದು ಸ್ವಾಮಿ, ಅದಕ್ಕೇ ರಂಪ. ಯಾಕೆಂದು ಹೇಳುತ್ತೇನೆ. ಇದನ್ನೂ ಮುಕ್ತಾಯಗೊಳಿಸುವ ಮೊದಲು ದಯವಿಟ್ಟು ಓದಿ.

ನಮ್ಮ ಯಜಮಾನರು ಬಟ್ಟೆ ಗಿರಣಿಯಲ್ಲಿ ಮೂವತ್ತೆರಡು ವರ್ಷ ಮಗ್ಗ ರಿಪೇರಿ ಮಾಡಿದವರು. ನಾನೂರು ಮಗ್ಗಗಳ ಸದ್ದಿನ ನಡುವೆ ನಿಂತವರ ಕಿವಿ ಏನಾಗಬೇಕೋ ಅದೇ ಆಯಿತು. ಏರು ಸ್ವರಗಳು ಒಂದೊಂದಾಗಿ ಹೋದವು. ಮೊದಲು ಕರೆಗಂಟೆ, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ಫೋನಿನಲ್ಲಿ ಮಗಳ ದನಿ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಅವರು ಕಿವಿ ಕೆಡಿಸಿಕೊಂಡು ಸಂಬಳ ತಂದರೆ ನಾನು ಕಿವಿ ಚುರುಕಾಗಿಟ್ಟುಕೊಂಡು ತಂದೆ. ಎಂಥ ಜೋಡಿ ನೋಡಿ. ನಿವೃತ್ತಿಯಾದ ಮೇಲೆ ಅವರು ಉಳಿದ ತಗ್ಗು ಸ್ವರಗಳಿಗಾಗಿಯೇ ತಮ್ಮ ಕೈಯಾರೆ ಈ ಆಂಪ್ಲಿಫೈಯರ್ ಕಟ್ಟಿದರು. ಅದರ ಹೊಟ್ಟೆಯಲ್ಲಿರುವ ಟ್ರಾನ್ಸ್‌ಫಾರ್ಮರನ್ನು ಸುತ್ತಿಕೊಟ್ಟವರು ಗಿರಣಿಯ ಗೆಳೆಯರೊಬ್ಬರು. ಅವರು ಈಗಿಲ್ಲ, ಅಂಥದ್ದನ್ನು ಸುತ್ತುವವರೂ ಈಗ ಇಲ್ಲ. ಅದು ಸುಟ್ಟರೆ ಅಲ್ಲಿಗೆ ಮುಗಿಯಿತು.

ಹೋದ ವರ್ಷ ಒಂದು ಸಂಜೆ ವೋಲ್ಟೇಜು ಏರಿ ಸುಡುವುದು ಸ್ವಲ್ಪದರಲ್ಲಿ ತಪ್ಪಿತು. ಎರಡು ಬಿಡಿಭಾಗಗಳು ಹೊಗೆಯಾದವು, ಟ್ರಾನ್ಸ್‌ಫಾರ್ಮರ್ ಬದುಕಿತು. ಮಾರನೆಯ ದಿನವೇ ನಾನು ಅಂಗಡಿಗೆ ಹೋಗಿ ಪವರ್ ಕಂಡಿಷನರ್ ಎಂಬ ಡಬ್ಬಿಯನ್ನು ತಂದೆ. ಗೋಡೆಯ ಪ್ಲಗ್ಗಿಗೂ ಆಂಪ್ಲಿಫೈಯರಿಗೂ ನಡುವೆ ಕುಳಿತು, ಬರುವ ಕರೆಂಟನ್ನು ತಿದ್ದಿ ತೀಡಿ ಕೊಡುವುದು ಅದರ ಕೆಲಸ. ಈ ಡಬ್ಬಿ ಬೇಕೋ ಬೇಡವೋ ಎಂಬ ಬಗ್ಗೆ ಸಂಗೀತ ಕೇಳುವವರಲ್ಲಿ ದೊಡ್ಡ ಜಗಳವೇ ಇದೆಯಂತೆ. ಜೀವ ಉಳಿಸುತ್ತದೆ ಎಂದು ಅರ್ಧ ಜನ, ಜೀವ ಹಿಂಡುತ್ತದೆ ಎಂದು ಇನ್ನರ್ಧ. ಇಬ್ಬರು ಹೇಳುವುದೂ ನಿಜ ಎಂದು ನಮ್ಮ ಮನೆಯಲ್ಲಿ ಸಾಬೀತಾಯಿತು. ಏನೂ ಸುಡಲಿಲ್ಲ. ಆದರೆ ತಗ್ಗು ಸ್ವರದ ದೊಡ್ಡ ಪೆಟ್ಟು ಬಂದಾಗ ಆಂಪ್ಲಿಫೈಯರ್ ಒಮ್ಮೆಗೇ ದೊಡ್ಡ ಗುಟುಕು ಕರೆಂಟು ಕೇಳುತ್ತದೆ, ಡಬ್ಬಿ ಬಾಯಾರಿದವನಿಗೆ ಚಮಚದಲ್ಲಿ ನೀರು ಕೊಟ್ಟ ಹಾಗೆ ಕೊಡುತ್ತದೆ. ವೋಲ್ಟೇಜು ಜಾರಿದಾಗಲೆಲ್ಲ ಒಳಗೆ ಟಕ್ ಎನ್ನುತ್ತದೆ, ಹಾಡು ಒಂದು ಗಳಿಗೆ ಮುಗ್ಗರಿಸುತ್ತದೆ. ಇನ್ವರ್ಟರಿನ ಮೇಲೆ ನಡೆಸಿದರೆ ಅದರ ಕರೆಂಟಿನ ಅಲೆ ಗರಗಸದ ಹಲ್ಲಿನಷ್ಟು ಒರಟು ಎಂದು ಯಜಮಾನರು ಮುಖ ಸಿಂಡರಿಸುತ್ತಾರೆ. ಬೇರೆಯವರ ಮನೆಯಲ್ಲಿ ಕೇಳೋಣವೆಂದರೆ ಅಲ್ಲಿಯ ಪೆಟ್ಟಿಗೆಗಳೆಲ್ಲ ಆಟದ ಸಾಮಾನಂತೆ.

ಈಗ ನಿಮ್ಮ ಅರ್ಜಿ ನಮೂನೆಗೆ ಬರೋಣ. ಅದರಲ್ಲಿ ಒಂಬತ್ತನೆಯ ಪ್ರಶ್ನೆ: ‘ಗ್ರಾಹಕರು ಸಂರಕ್ಷಣಾ ಸಾಧನವನ್ನು ಅಳವಡಿಸಿಕೊಂಡಿದ್ದಾರೆಯೇ?’ ಮೊದಲ ಸಲ ನಿಜವನ್ನೇ ಬರೆದೆ, ಹೌದು ಎಂದು. ಸಾಧನವಿರುವ ಕಾರಣ ತೊಂದರೆ ನಿವಾರಣೆಯಾಗಿದೆಯೆಂದು ಪರಿಗಣಿಸಿ ನೀವು ಮುಗಿಸಿದಿರಿ. ಆಂಪ್ಲಿಫೈಯರ್ ಆರಿಸಿಟ್ಟು, ಡಬ್ಬಿಯನ್ನು ಕಿತ್ತು ಮಂಚದ ಕೆಳಗೆ ತಳ್ಳಿ ಎರಡನೆಯ ಸಲ ಇಲ್ಲ ಎಂದು ಬರೆದೆ. ಗ್ರಾಹಕರ ನಿರ್ಲಕ್ಷ್ಯ ಎಂದು ಮುಗಿಸಿದಿರಿ. ಮೂರನೆಯ ಸಲ ಖಾಲಿ ಬಿಟ್ಟೆ, ಅಪೂರ್ಣ ಅರ್ಜಿಯಾಯಿತು. ನಾಲ್ಕನೆಯ ಸಲ ‘ಕೆಲವೊಮ್ಮೆ’ ಎಂದು ಬರೆದೆ, ಅಸ್ಪಷ್ಟ ಉತ್ತರವಾಯಿತು. ಉಳಿದ ಎರಡರ ಕಥೆ ಹೇಳಿ ನಿಮ್ಮ ಅಮೂಲ್ಯ ಸಮಯ ಹಾಳು ಮಾಡುವುದಿಲ್ಲ. ಮಾನ್ಯರೇ, ಯಾವ ಉತ್ತರ ಬರೆದರೆ ದೂರು ಬದುಕುಳಿಯುತ್ತದೆ ಎಂದು ನೀವೇ ಹೇಳಿಕೊಟ್ಟುಬಿಡಿ. ಇಲಿಬೋನಿಗಾದರೂ ಒಳಗೆ ಹೋಗುವ ಬಾಗಿಲು ಒಂದೇ ಇರುತ್ತದೆ, ನಿಮ್ಮ ನಮೂನೆಗೆ ನಾಲ್ಕಿವೆ.

ಒಮ್ಮೆ, ಒಂದೇ ಒಂದು ಸಲ, ನಿಮ್ಮ ಲೈನ್‌ಮನ್ ಬಂದಿದ್ದರು. ಒಳ್ಳೆಯ ಮನುಷ್ಯ. ಐದು ನಿಮಿಷ ಮೀಟರ್ ಹಿಡಿದು ನಿಂತರು. ಆ ಐದು ನಿಮಿಷ ನಮ್ಮ ಕರೆಂಟು ಹೆಣ್ಣು ನೋಡಲು ಬಂದವರ ಮುಂದೆ ಕುಳಿತ ಹುಡುಗಿಯಷ್ಟು ಸಾಧುವಾಗಿತ್ತು. ಕಾಫಿ ಕುಡಿದು ಕಂಬದ ಕಡೆ ನೋಡಿ ಅವರು ಮೆಲ್ಲಗೆ ಹೇಳಿದ್ದು ಇದು: “ಅಮ್ಮಾ, ಕಂಬದ ಮೇಲೆ ನ್ಯೂಟ್ರಲ್ ತಂತಿ ಸಡಿಲ ಆಗಿದೆ, ಅದಕ್ಕೇ ವೋಲ್ಟೇಜ್ ಹೀಗೆ ಕುಣಿಯೋದು. ಅರ್ಧ ಗಂಟೆ ಕೆಲಸ. ಆದ್ರೆ ಆರ್ಡರ್ ಇಲ್ದೆ ನಾನು ಏಣಿ ಹತ್ತೋ ಹಾಗಿಲ್ಲ.” ಆರ್ಡರ್ ಯಾವಾಗ ಸಿಗುತ್ತದೆ ಎಂದು ಕೇಳಿದೆ. ದೂರು ಚಾಲ್ತಿಯಲ್ಲಿದ್ದರೆ ಸಿಗುತ್ತದಂತೆ.

ಇಷ್ಟೇ ಆಗಿದ್ದರೆ ನಾನು ಬೈದುಕೊಂಡು ಸುಮ್ಮನಿರುತ್ತಿದ್ದೆ. ಆದರೆ ಎರಡು ತಿಂಗಳ ಹಿಂದೆ ಒಂದು ಸಂಜೆ ಬೇರೆಯೇ ಆಯಿತು. ಡಬ್ಬಿಯನ್ನು ಮಂಚದ ಕೆಳಗಿಂದ ತೆಗೆದು ಮತ್ತೆ ಹಾಕಿಯಾಗಿತ್ತು. ಯಜಮಾನರಿಗೆ ಪ್ರಿಯವಾದ ರೆಕಾರ್ಡನ್ನು ಹಚ್ಚಿ ನಾನು ಬಟ್ಟೆ ಮಡಚುತ್ತಿದ್ದೆ. ಬರೀ ಮಂದ್ರದಲ್ಲೇ ನಡೆಯುವ ತಂತಿವಾದ್ಯ ಅದು. ಅವರು ಯಾವಾಗಲೂ ಸ್ಪೀಕರಿನ ಮರದ ಮೇಲೆ ಅಂಗೈ ಊರಿಕೊಂಡು ಕೂರುವವರು, ಅವತ್ತು ಎರಡೂ ಕೈಯಲ್ಲಿ ಪತ್ರಿಕೆ ಹಿಡಿದಿದ್ದರು. ಹಾಡು ಕಾಲು ಭಾಗ ಮುಗಿದಿತ್ತು. ಪತ್ರಿಕೆ ಇಳಿಸಿ ನನ್ನನ್ನು ಕೇಳಿದರು, “ಇನ್ನೂ ಹಾಕ್ಲಿಲ್ವೇನೇ?”

ಈಗ ಹಾಕುತ್ತೇನೆ ಎಂದು ಸನ್ನೆ ಮಾಡಿದೆ. ಎದ್ದು ಹೋಗಿ, ಓಡುತ್ತಿದ್ದ ರೆಕಾರ್ಡಿನಿಂದ ಮುಳ್ಳೆತ್ತಿ ಮತ್ತೆ ಮೊದಲಿಗೆ ಇಟ್ಟೆ. ಅವರು ಮರದ ಮೇಲೆ ಕೈಯಿಟ್ಟು, ಈಗ ಬಂತು ಎಂದು ನಕ್ಕರು. ಬಂದದ್ದು ಅಂಗೈಗೆ. ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ನಲ್ಲಿ ತಿರುಗಿಸುವ ಅಗತ್ಯವೇ ಇರಲಿಲ್ಲ, ಆದರೂ ತಿರುಗಿಸಿದೆ.

ಕಿವಿಯ ಡಾಕ್ಟರು ಹಿಂದೆಯೇ ಎಚ್ಚರಿಸಿದ್ದರು. ತಗ್ಗು ಸ್ವರಗಳೂ ಕುಂದತೊಡಗಿದರೆ ತಡ ಮಾಡದೆ ಕರೆತನ್ನಿ, ತಡವಾದರೆ ಯಾವ ಯಂತ್ರ ಹಾಕಿದರೂ ಮಾತು ಅರ್ಥವಾಗುವುದು ಕಷ್ಟ ಎಂದಿದ್ದರು. ಹೋಗೋಣ ಎಂದರೆ ಯಜಮಾನರು ಒಪ್ಪುವುದಿಲ್ಲ. “ಕಿವಿಗೇನೂ ಆಗಿಲ್ಲ ಕಣೇ. ನಿನ್ನ ಡಬ್ಬಿ ಕತ್ತು ಹಿಸುಕ್ತಿದೆ ಅಷ್ಟೇ” ಎನ್ನುತ್ತಾರೆ. ಡಬ್ಬಿ ತೆಗೆದು ನೋಡೋಣ ಎಂದರೆ ಅದಕ್ಕೆ ಅವರೂ ಹೆದರುತ್ತಾರೆ, ನಾನೂ ಹೆದರುತ್ತೇನೆ. ಮಂದ್ರ ಹೋದದ್ದು ಡಬ್ಬಿಯಿಂದಲೋ ಕಿವಿಯಿಂದಲೋ? ನನಗೆ ಕೇಳಿಸುತ್ತದೆ ಎಂದರೆ ಮಗ್ಗ ಗೊತ್ತಿಲ್ಲದವಳಿಗೆ ಮಂದ್ರ ಏನು ಗೊತ್ತು ಎಂದು ಬಾಯಿ ಮುಚ್ಚಿಸುತ್ತಾರೆ. ಹೀಗೆ ಎರಡು ತಿಂಗಳು ಕಳೆದಿದೆ. ನಿಮ್ಮ ಕಡತದಲ್ಲಿ ಎರಡು ತಿಂಗಳೆಂದರೆ ಏನೂ ಅಲ್ಲ. ಕುಂದುತ್ತಿರುವ ಕಿವಿಗೆ ಅದು ಎಷ್ಟು ಎಂದು ನಾನು ದಿನಾ ಲೆಕ್ಕ ಹಾಕುತ್ತಾ ಕೂತಿದ್ದೇನೆ.

ಯಜಮಾನರು ಈ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾರೆ. ಇದನ್ನೂ ಓದುತ್ತಾರೆ. ಗೊತ್ತಿದ್ದೇ ಬರೆದಿದ್ದೇನೆ. ಮುಳ್ಳು ಎತ್ತಿಟ್ಟ ವಿಷಯವನ್ನು ಎದುರು ನಿಂತು ಹೇಳಲು ನನಗೆ ಬಾಯಿ ಬರಲಿಲ್ಲ, ಹೇಳಿದ್ದರೆ ಅವರು ಕೇಳಿಸಲಿಲ್ಲ ಎನ್ನುತ್ತಿದ್ದರು. ಅಚ್ಚಾದ ಮಾತಿಗೆ ಹಾಗೆನ್ನುವ ಹಾಗಿಲ್ಲ. ರೀ, ಸಿಟ್ಟು ಮಾಡಿಕೊಳ್ಳಬೇಡಿ. ಮಾನ್ಯರೇ, ನಡುವೆ ಮನೆಮಾತು ತಂದದ್ದಕ್ಕೆ ನೀವೂ ಕ್ಷಮಿಸಿ.

ನನ್ನ ಬೇಡಿಕೆ ದೊಡ್ಡದಲ್ಲ. ಹೊಸ ತಂತಿ ಕೇಳುತ್ತಿಲ್ಲ, ಪರಿಹಾರ ಕೇಳುತ್ತಿಲ್ಲ, ಒಂಬತ್ತನೆಯ ಪ್ರಶ್ನೆಯನ್ನು ಬೇಕಾದರೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಳ್ಳಿ. ಈ ವಾರದೊಳಗೆ ಆ ಲೈನ್‌ಮನ್ನರ ಕೈಗೆ ಒಂದು ಆರ್ಡರ್ ಕೊಟ್ಟು ಏಣಿ ಹತ್ತಿಸಿ. ನ್ಯೂಟ್ರಲ್ ಬಿಗಿಯಾದ ಸಂಜೆ ನಾನು ಡಬ್ಬಿಯನ್ನು ಕಿತ್ತು ಪಕ್ಕಕ್ಕಿಟ್ಟು ಅದೇ ರೆಕಾರ್ಡನ್ನು ಹಚ್ಚುತ್ತೇನೆ. ಯಜಮಾನರು ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂರಲಿ. ತಲೆದೂಗಿದರೆ ನಿಮ್ಮ ಕಚೇರಿಗೆ ಬಂದು ಕೈ ಮುಗಿಯುತ್ತೇನೆ. ತಲೆದೂಗದಿದ್ದರೆ ಮಾರನೆಯ ಬೆಳಿಗ್ಗೆಯೇ ಡಾಕ್ಟರ ಬಳಿ ಕರೆದೊಯ್ಯುತ್ತೇನೆ. ಬರುವುದಿಲ್ಲ ಎನ್ನಲು ಆಗ ಅವರಿಗೆ ನೆಪ ಉಳಿದಿರುವುದಿಲ್ಲ. ನಿಜ ಹೇಳಬೇಕೆಂದರೆ, ಈಚೆಗೆ ಬಲ್ಬು ಮಂಕಾದಾಗಲೆಲ್ಲ ನನಗೂ ಒಳಗೊಳಗೇ ಸಮಾಧಾನವಾಗುತ್ತದೆ, ಸದ್ಯ, ಇವತ್ತೂ ನಿಜ ಗೊತ್ತಾಗುವುದಿಲ್ಲ ಎಂದು. ಆ ಸಮಾಧಾನವನ್ನು ನನ್ನಿಂದ ಕಿತ್ತುಕೊಳ್ಳಿ ಎಂದೇ ಕೇಳುತ್ತಿದ್ದೇನೆ.

ಇಂತಿ,
ತನ್ನ ಕಿವಿ ಇಷ್ಟು ಚೆನ್ನಾಗಿರುವುದಕ್ಕೆ ಈಚೆಗೆ ನಾಚಿಕೆಪಡುತ್ತಿರುವ
ನಿಮ್ಮ ಒಬ್ಬ ಗ್ರಾಹಕಿ