ಸ್ಟೇಜಿನ ಮ್ಯಾಲೆ ನಡೀಬ್ಯಾಡ

ಅಪ್ಪಾ,

ನಾ ಮುಂದಾಗಿ ಸಿಂಧನೂರಿಗೆ ಹೊಂಟೀನಿ. ನಿನ್ನ ಬ್ಯಾಂಡಿನ ಕೋಟು ಇಸ್ತ್ರಿ ಮಾಡೀನಿ, ಕಿತ್ತ ಗುಂಡೀನೂ ಹಚ್ಚೀನಿ.

ಜಗಳಾಡಿ ಚದುರಿದ್ದ ಹುಬ್ಬಳ್ಳಿಯ ರಾಕ್ ಪಾರ್ಟಿಯವರು ಮತ್ತೆ ಕೂಡ್ಯಾರ, ಇವತ್ತ ರಾತ್ರಿ ಸಿಂಧನೂರಾಗ ಅವರ ಹಾಡಿನ ಕಾರ್ಯಕ್ರಮ. ಅವರು ಗಿಟಾರ್ ಸರಿ ಮಾಡಿಕೊಳ್ಳೋತನಕ ಮಂದೀನ ಹಿಡಿದಿಡಾಕ ನಮ್ಮ ಮದುವಿ ಬ್ಯಾಂಡು. ದೊಡ್ಡ ಸನ್ಮಾನ ನೋಡು! ಅದಕ್ಕ ನೀ ನಿನ್ನೆಯಿಂದ ಕ್ಲಾರ್ನೆಟ್ ಒರೆಸಿದ್ದೇ ಒರೆಸಿದ್ದು.

ಉಂಡು ಬಾ. ಅಲ್ಲಿ ಬಿರಿಯಾನಿ ಅವರಿಗಷ್ಟ.

ಸ್ಟೇಜಿನ ಮ್ಯಾಲೆ ಒಂದ ಕಡೆ ನಿಂತು ಊದು. ಮೆರವಣಿಗಿ ರೂಢೀಲೆ ನಡಕೋತ ಹೊಂಟರ ಕೆಳಗ ಬೀಳ್ತಿ.

ಯಾರಾದರೂ ‘ಸಾಕು, ಇಳೀರಲೇ’ ಅಂದರ ಮಾತ್ರ ನಿಲ್ಲಿಸಬ್ಯಾಡ. ಊದಿಕೋತನ ಇಳಿದು ಮಂದಿ ನಡುವ ನಡಿ. ಶಾಲಿ ಬಿಡಿಸಿ ಮದುವಿ ಮೆರವಣಿಗ್ಯಾಗ ನನ್ನ ತಲಿ ಮ್ಯಾಲೆ ಹೊರಿಸಿದ್ದಿಯಲ್ಲ, ಆ ಗ್ಯಾಸ್‌ಲೈಟು ಒಯ್ದೀನಿ. ಹೊತ್ಕೊಂಡು ನಿನ್ನ ಮುಂದ ನಾ ಇರ್ತೀನಿ.

ಹುಸೇನಪ್ಪ